ಫ್ಯಾಟು ಇಳಿದದ್ದು ಹಸುವಿನದೋ, ಯಂತ್ರದ್ದೋ?

ಡೇರಿಯ ಹಾಲು ಪರೀಕ್ಷಾ ಯಂತ್ರದ ಆರೋಗ್ಯವನ್ನು ನಾವೇ ನೋಡಿಕೊಳ್ಳುವುದು ಹೇಗೆ?

ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಮಾವಿನ ತೋಪಿಗೆ ಅಂಟಿಕೊಂಡಂತೆ ಒಂದು ಕೊಟ್ಟಿಗೆ. ಎರಡನೇ ಸೂಲಿನ ಎಚ್.ಎಫ್. ಮಿಶ್ರತಳಿ ಹಸು. ಅದರ ಒಡತಿ ನನ್ನನ್ನು ಕರೆಸಿ ಹೇಳಿದ್ದು ಇಷ್ಟು: “ಮೇಡಂ, ಹಸ ಮೇಯ್ತೈತೆ, ಮೆಲುಕು ಹಾಕ್ತೈತೆ, ಹಾಲೂ ಅಷ್ಟೇ ಐತೆ. ಫ್ಯಾಟು ಮಾತ್ರ ಬರ್ತಾ ಇಲ್ಲ.”

ಮೊದಲು 3.9 ಬರುತ್ತಿದ್ದ ಫ್ಯಾಟು ಹತ್ತೇ ದಿನದಲ್ಲಿ 3.3ಕ್ಕೆ ಬಂದಿತ್ತು. ನಾನು ಜ್ವರ ನೋಡಿದೆ, ಕೆಚ್ಚಲು ನೋಡಿದೆ, ನಾಲ್ಕೂ ಮೊಲೆಯ ಹಾಲನ್ನು ಕೆಚ್ಚಲು ಬಾವಿನ ಪರೀಕ್ಷೆ ಮಾಡಿದೆ. ಎಲ್ಲ ಸರಿಯಾಗಿತ್ತು. ಹಿಂಡಿಯನ್ನು ಒಮ್ಮೆಗೇ ಇಡದೆ ಮೂರು ಹೊತ್ತಿಗೆ ಹಂಚಿ ಕೊಡಿ, ಹಸಿರು ಮೇವಿಗೆ ಮೊದಲು ರಾಗಿ ಹುಲ್ಲು ಹಾಕಿ, ಖನಿಜ ಮಿಶ್ರಣ ತಪ್ಪಿಸಬೇಡಿ, ದಿನಕ್ಕಿಷ್ಟು ಅಡುಗೆ ಸೋಡಾ ಸೇರಿಸಿ ಎಂದು ಹೇಳಿ ಬಂದೆ. ವಾರ ಬಿಟ್ಟು ಹೋದರೆ ಫ್ಯಾಟು 3.3ರಲ್ಲೇ ಇತ್ತು. ಮತ್ತೊಂದು ವಾರ ಕಳೆದು ಹೋದಾಗ ಆಕೆ ನನ್ನನ್ನು ನೋಡಿ ನಕ್ಕರು. ಅದು ಸಂತೋಷದ ನಗುವಲ್ಲ. “ಬುಡಿ ಮೇಡಂ, ಬರೋ ಸಂತೆಗೆ ಕೊಟ್ಟುಬಿಡ್ತೀನಿ. ಖರ್ಚೇ ಜಾಸ್ತಿ ಆಯ್ತು,” ಎಂದರು.

ಅವತ್ತೇ ಎರಡು ಬೀದಿ ಆಚೆಯ ಇನ್ನೊಬ್ಬರು ದಾರಿಯಲ್ಲಿ ನಿಲ್ಲಿಸಿದರು. ಅವರದೂ ಅದೇ ದೂರು. ಅವರದು ಜರ್ಸಿ ಮಿಶ್ರತಳಿ, ಬೇರೆ ಮೇವು, ಬೇರೆ ಹಿಂಡಿ, ಕರು ಹಾಕಿ ಏಳು ತಿಂಗಳಾದ ಹಸು. ಎರಡು ಬೇರೆ ಬೇರೆ ಹಸುಗಳಿಗೆ ಒಂದೇ ವಾರದಲ್ಲಿ ಒಂದೇ ಅಳತೆಯಷ್ಟು ಫ್ಯಾಟು ಇಳಿಯುವ ಕಾಯಿಲೆಯನ್ನು ನಾನು ಕಾಲೇಜಿನಲ್ಲಿ ಓದಿರಲಿಲ್ಲ. ಆಗ ಹೊಳೆಯಿತು, ನಾನು ಮೂರು ಸಲ ಹಸು ನೋಡಿದ್ದೆ, ಒಂದು ಸಲವೂ ಡೇರಿಯ ಚೀಟಿ ನೋಡಿರಲಿಲ್ಲ.

ಸಂಜೆ ಹಾಲು ಹಾಕುವ ಹೊತ್ತಿಗೆ ಸಂಘಕ್ಕೆ ಹೋದೆ. ಹಿಂದಿನ ಒಂದು ತಿಂಗಳ ಪಟ್ಟಿ ತೆಗೆಸಿದೆ. ಹಾಲು ಹಾಕುವ ಹೆಚ್ಚು ಕಡಿಮೆ ಎಲ್ಲರ ಫ್ಯಾಟೂ ಅದೇ ಹತ್ತು ದಿನದಲ್ಲಿ ಅರ್ಧದಷ್ಟು ಪಾಯಿಂಟು, ಅದಕ್ಕಿಂತ ಸ್ವಲ್ಪ ಹೆಚ್ಚೋ ಕಡಿಮೆಯೋ ಇಳಿದಿತ್ತು. ಆರು ಜನರ ಹಾಲನ್ನು ಸೀಸೆಯಲ್ಲಿ ತೆಗೆದುಕೊಂಡು ಹೋಗಿ ಗರ್ಬರ್ ವಿಧಾನದಲ್ಲಿ ಪರೀಕ್ಷೆ ಮಾಡಿಸಿದೆವು. ಆ ಅಕ್ಕನ ಹಸುವಿನ ಫ್ಯಾಟು 3.9. ಮೊದಲು ಎಷ್ಟಿತ್ತೋ ಅಷ್ಟೇ.

ಕಾಯಿಲೆ ಇದ್ದದ್ದು ಯಂತ್ರಕ್ಕೆ. ಅದರೊಳಗೆ ಹಾಲು ಹಾದುಹೋಗುವ ಸಣ್ಣ ನಳಿಕೆಯಲ್ಲಿ ಹಾಲಿನ ಕಲ್ಲು ಕಟ್ಟಿತ್ತು. ವಾರಕ್ಕೊಮ್ಮೆ ತೊಳೆಯುವ ಆಮ್ಲದ ದ್ರಾವಣ ಮುಗಿದು ಹೋಗಿ, ಹೊಸದು ತರಿಸಿರಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ. ಆದರೆ ಅಷ್ಟರೊಳಗೆ ಊರಿನಲ್ಲಿ ಕಾರ್ಯದರ್ಶಿಯ ಮೇಲೆ ಮಾತು ಬಂದಿತ್ತು, ಇಬ್ಬರು ಸದಸ್ಯೆಯರು ಹಾಲು ಹಾಕುವುದನ್ನೇ ನಿಲ್ಲಿಸುವ ಯೋಚನೆಯಲ್ಲಿದ್ದರು, ಒಂದು ಒಳ್ಳೆಯ ಹಸು ಸಂತೆಗೆ ಹೊರಟು ನಿಂತಿತ್ತು.

ಆ ದಿನದಿಂದ ಫ್ಯಾಟಿನ ದೂರು ಬಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: “ನಿಮ್ಮೊಬ್ಬರದೇ ಇಳಿದಿದೆಯೋ, ಪಕ್ಕದ ಮನೆಯವರದೂ ಇಳಿದಿದೆಯೋ?” ಈ ಲೇಖನದಿಂದ ನೀವು ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಿಮ್ಮೊಬ್ಬರ ಫ್ಯಾಟು ಇಳಿದರೆ ಹಸು ನೋಡಿ, ನಮ್ಮನ್ನು ಕರೆಯಿರಿ. ಊರಿನವರದೆಲ್ಲ ಕೆಲವೇ ದಿನದಲ್ಲಿ ಒಟ್ಟಿಗೆ ಇಳಿದರೆ ಯಂತ್ರ ನೋಡಿಸಿ. ತಿಂಗಳುಗಟ್ಟಲೆ ನಿಧಾನವಾಗಿ ಎಲ್ಲರದೂ ಇಳಿದರೆ ಬಿಸಿಲು ಮತ್ತು ಮೇವು ಕಾರಣವಿರಬಹುದು.

ಸೀಸೆಯಿಂದ ಪೆಟ್ಟಿಗೆಗೆ

ಎಂ.ವಿ. ಕೃಷ್ಣಪ್ಪನವರ ಹೆಸರನ್ನು ಹಾಲಿನ ಜೊತೆ ಸೇರಿಸಿ ನೆನೆಯುವ ಜಿಲ್ಲೆ ನಮ್ಮದು. ನಿಮ್ಮ ಅತ್ತೆಯವರ ಕಾಲದ ಡೇರಿಯನ್ನು ಕೇಳಿ ನೋಡಿ. ಉದ್ದ ಕತ್ತಿನ ಗಾಜಿನ ಸೀಸೆಗಳು, ಆಮ್ಲದ ವಾಸನೆ, ಗರಗರ ತಿರುಗುವ ಯಂತ್ರ. ಅದೇ ಗರ್ಬರ್ ಪರೀಕ್ಷೆ. 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ ಅಲ್ಲಾಡಿಸಿ, ನಿಮಿಷಕ್ಕೆ ಸುಮಾರು 1100 ಸುತ್ತಿನಂತೆ 5 ನಿಮಿಷ ತಿರುಗಿಸಿ, 65 ಡಿಗ್ರಿ ಬಿಸಿನೀರಿನಲ್ಲಿಟ್ಟರೆ ಜಿಡ್ಡು ಬೇರೆಯಾಗಿ ಸೀಸೆಯ ಕತ್ತಿಗೆ ಬರುತ್ತದೆ. ಕಣ್ಣಿಗೆ ಕಾಣುವ ಪರೀಕ್ಷೆ ಅದು. ಇವತ್ತಿಗೂ ಯಂತ್ರ ಸರಿಯೋ ತಪ್ಪೋ ಎಂದು ಹೇಳಬೇಕಾದರೆ ನಾವು ಹೋಗುವುದು ಅದೇ ಸೀಸೆಯ ಬಳಿಗೆ.

ಆದರೆ ನೂರು ಜನ ಸಾಲಿನಲ್ಲಿ ನಿಂತಾಗ ಒಬ್ಬೊಬ್ಬರಿಗೂ ಸೀಸೆ ತಿರುಗಿಸಲು ಆಗುವುದಿಲ್ಲ. ಆಗ ವಿದ್ಯುನ್ಮಾನ ಪರೀಕ್ಷಕ ಬಂತು. 1981ರಲ್ಲಿ ಜೈಪುರದಲ್ಲಿ ಆರಂಭವಾದ ರಾಜಸ್ಥಾನ ಎಲೆಕ್ಟ್ರಾನಿಕ್ಸ್ ಅಂಡ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಡೆನ್ಮಾರ್ಕಿನ ಫಾಸ್ ಕಂಪನಿಯ ತಾಂತ್ರಿಕ ನೆರವಿನಿಂದ ಇಂಥ ಯಂತ್ರಗಳನ್ನು ನಮ್ಮ ದೇಶದಲ್ಲೇ ತಯಾರಿಸಿತು. 1990ರ ದಶಕದಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಸಂಘಗಳಲ್ಲಿ ತೂಕ, ಫ್ಯಾಟು, ಲೆಕ್ಕ ಮೂರನ್ನೂ ಒಂದೇ ಕಡೆ ಸೇರಿಸಿದ ಸ್ವಯಂಚಾಲಿತ ಹಾಲು ಸಂಗ್ರಹಣಾ ಘಟಕಗಳು ಬಂದವು. ಇವತ್ತು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸಂಘಗಳಲ್ಲಿ ನೀವು ನೋಡುವ ಪೆಟ್ಟಿಗೆ ಆ ವಂಶದ್ದೇ.

ಈಗಿನ ಹೆಚ್ಚಿನ ಯಂತ್ರಗಳು ಹಾಲಿನ ಮೂಲಕ ನಮ್ಮ ಕಿವಿಗೆ ಕೇಳಿಸದ ಶಬ್ದದ ಅಲೆಯನ್ನು ಹಾಯಿಸುತ್ತವೆ. ಜಿಡ್ಡು ಹೆಚ್ಚಿದ್ದರೆ ಶಬ್ದ ಓಡುವ ವೇಗ ಒಂದು ರೀತಿ, ಕಡಿಮೆ ಇದ್ದರೆ ಇನ್ನೊಂದು ರೀತಿ. ಹಾಲನ್ನು ಒಳಗೇ ಬಿಸಿ ಮಾಡಿ, ಬೇರೆ ಬೇರೆ ಶಾಖದಲ್ಲಿ ಈ ವೇಗ ಅಳೆದು, ಫ್ಯಾಟು ಮತ್ತು ಎಸ್‌ಎನ್‌ಎಫ್ ಎಷ್ಟೆಂದು ಲೆಕ್ಕ ಹಾಕುತ್ತವೆ. ನೆನಪಿಡಿ, ಇಲ್ಲಿ ಯಾರೂ ಜಿಡ್ಡನ್ನು ಕಣ್ಣಿನಿಂದ ನೋಡುತ್ತಿಲ್ಲ. ನಳಿಕೆಯಲ್ಲಿ ಕಲ್ಲು ಕಟ್ಟಿದ್ದರೆ, ಹಾಲಿನಲ್ಲಿ ನೊರೆ ಇದ್ದರೆ, ಹಾಲು ತೀರಾ ತಣ್ಣಗಿದ್ದರೆ ಶಬ್ದದ ಓಟ ಬದಲಾಗುತ್ತದೆ, ಲೆಕ್ಕವೂ ಬದಲಾಗುತ್ತದೆ.

ಪೆಟ್ಟಿಗೆಯೊಳಗಿನ ಯಜಮಾನಿ

ಈ ಪೆಟ್ಟಿಗೆಯೊಳಗೆ ಒಂದು ಪುಟ್ಟ ಕಂಪ್ಯೂಟರ್ ಹುದುಗಿದೆ. ಮೇಜಿನ ಮೇಲಿನ ಕಂಪ್ಯೂಟರಿನ ಹಾಗೆ ಅದು ಹತ್ತು ಕೆಲಸಕ್ಕೆ ಬರುವುದಿಲ್ಲ, ಒಂದೇ ಕೆಲಸಕ್ಕೆಂದು ಮಾಡಿದ್ದು. ಅದರೊಳಗೆ ಕೂತು ಎಲ್ಲ ಕೆಲಸ ಹಂಚುವ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ನಮ್ಮ ಮನೆಯಲ್ಲಿ ಆ ಕೆಲಸ ಮಾಡುವವರು ನೀವೇ.

ಬೆಳಿಗ್ಗೆ ಆರು ಗಂಟೆ. ಒಲೆಯ ಮೇಲೆ ಹಾಲು ಉಕ್ಕಲು ಬಂದಿದೆ, ಮಗು ಅಳುತ್ತಿದೆ, ಕರು ಕೂಗುತ್ತಿದೆ, ನೀರು ಬಂದಿದೆ, ಡೇರಿಗೆ ಹೊತ್ತಾಗುತ್ತಿದೆ. ನೀವು ಮೊದಲು ಓಡುವುದು ಒಲೆಯ ಹತ್ತಿರ. ಹಾಲು ಉಕ್ಕಿದರೆ ಮತ್ತೆ ಬರುವುದಿಲ್ಲ, ನೀರಿನ ಬಿಂದಿಗೆ ಎರಡು ನಿಮಿಷ ಕಾಯಬಹುದು. ಯಂತ್ರದೊಳಗೂ ಹಾಗೆಯೇ. ಶಬ್ದದ ಅಲೆ ಅಳೆಯುವುದು, ತಕ್ಕಡಿಯ ತೂಕ ಓದುವುದು, ಹಾಲು ಬಿಸಿ ಮಾಡುವುದು, ನಿಮ್ಮ ಸದಸ್ಯ ಸಂಖ್ಯೆ ಹಿಡಿದು ದರ ಹುಡುಕುವುದು, ಚೀಟಿ ಮುದ್ರಿಸುವುದು, ಲೆಕ್ಕ ಬರೆದಿಡುವುದು, ನಿಮ್ಮ ಮೊಬೈಲಿಗೆ ಸಂದೇಶ ಕಳಿಸುವುದು, ಎಲ್ಲವೂ ಒಂದು ನಿಮಿಷದ ಆಸುಪಾಸಿನಲ್ಲಿ ಆಗಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವುದೇ ಆ ವ್ಯವಸ್ಥೆಯ ಕೆಲಸ. ಇಂಥ ಯಂತ್ರಗಳಿಗೆಂದೇ ಮಾಡಿದ ಪುಟ್ಟ ವ್ಯವಸ್ಥೆಗಳಿವೆ. ದೊಡ್ಡ ಪೆಟ್ಟಿಗೆಗಳಲ್ಲಿ ಲಿನಕ್ಸ್ ಎಂಬುದನ್ನೂ ಹಾಕುತ್ತಾರೆ. ಅದು 1991ರಲ್ಲಿ ಫಿನ್ಲೆಂಡಿನ ಒಬ್ಬ ವಿದ್ಯಾರ್ಥಿ ಶುರು ಮಾಡಿ, ಆಮೇಲೆ ಜಗತ್ತಿನ ಸಾವಿರಾರು ಜನ ಕೈಜೋಡಿಸಿ ಬೆಳೆಸಿದ ತಂತ್ರಾಂಶ. ಹನಿ ಹನಿ ಹಾಲು ಸೇರಿ ಡೇರಿ ಆದ ಹಾಗೆ ಎಂದುಕೊಳ್ಳಿ.

ಯಜಮಾನಿ ಹುಷಾರು ತಪ್ಪಿದರೆ ಮನೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಪೆಟ್ಟಿಗೆಯೊಳಗಿನ ಯಜಮಾನಿಗೂ ಕಾಯಿಲೆ ಬರುತ್ತದೆ. ನಾನು ನಾಲ್ಕು ತಾಲ್ಲೂಕಿನಲ್ಲಿ ಓಡಾಡುವಾಗ ಕಂಡದ್ದು ಮುಖ್ಯವಾಗಿ ನಾಲ್ಕು.

ಮೊದಲನೆಯದು: ಕೊಳೆ

ಶ್ರೀನಿವಾಸಪುರದ ಕಥೆ ಆಗಲೇ ಹೇಳಿದೆ. ಪ್ರತಿ ಹೊತ್ತಿನ ಸಂಗ್ರಹಣೆ ಮುಗಿದ ಮೇಲೆ ಯಂತ್ರಕ್ಕೆ ಬೆಚ್ಚನೆಯ ನೀರು, ತಯಾರಕರು ಹೇಳಿದ ತೊಳೆಯುವ ದ್ರಾವಣ, ಮತ್ತೆ ನೀರು ಕುಡಿಸಬೇಕು. ಜಿಡ್ಡು ಹೋಗುವುದು ಕ್ಷಾರದ ದ್ರಾವಣದಿಂದ, ಹಾಲಿನ ಕಲ್ಲು ಕರಗುವುದು ಆಮ್ಲದ ದ್ರಾವಣದಿಂದ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಮನೆಯ ಪಾತ್ರೆ ಸೋಪು, ಬಟ್ಟೆ ಪುಡಿ ಹಾಕಬಾರದು. ಒಡೆದ ಹಾಲು, ಗಿಣ್ಣು ಹಾಲು ಯಂತ್ರಕ್ಕೆ ಹೋಗಲೇಬಾರದು. ಒಳಗೆ ಹೆಪ್ಪುಗಟ್ಟಿದರೆ ತೆಗೆಯುವುದು ಕಷ್ಟ.

ಎರಡನೆಯದು: ಕರೆಂಟು

ನಮ್ಮ ಜಿಲ್ಲೆಗೆ ಕರೆಂಟು ಹೊಸದಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಗೆ ತಂತಿ ಎಳೆದಿದ್ದರು. ಆದರೂ ಬೇಸಿಗೆಯ ಒಂದು ಗಾಳಿ ಮಳೆ ಸಾಕು, ಊರು ಕತ್ತಲಾಗಲು. ಮಾಲೂರು ಕಡೆಯ ಒಂದು ಸಂಘದಲ್ಲಿ ಸಂಜೆ ಸಾಲು ಅರ್ಧ ಮುಗಿದಿತ್ತು, ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದು, ಕ್ಷಣದಲ್ಲಿ ಕೈಕೊಟ್ಟಿತು. ಕರೆಂಟು ಬಂದಾಗ ಯಂತ್ರ ಎದ್ದಿತು, ಆದರೆ ಅಂದಿನ ಮೊದಲ ನಲವತ್ತು ಜನರ ಲೆಕ್ಕ ಮಾಯ. ಅದೃಷ್ಟಕ್ಕೆ ಹಾಲು ಪರೀಕ್ಷಕಿ ಪುಸ್ತಕದಲ್ಲೂ ಬರೆದುಕೊಳ್ಳುವ ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ.

ಯಾಕೆ ಹೀಗಾಯಿತು? ಯಂತ್ರ ತನ್ನ ನೆನಪಿನ ಚಿಪ್ಪಿನಲ್ಲಿ ಲೆಕ್ಕ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಆ ಪುಟವೇ ಹಾಳಾಗಬಹುದು. ನೀವು ಲೆಕ್ಕ ಬರೆಯುತ್ತಿರುವಾಗ ಯಾರೋ ಪುಸ್ತಕ ಕಿತ್ತುಕೊಂಡರೆ ಹಾಳೆ ಹರಿಯುವುದಿಲ್ಲವೇ, ಹಾಗೆ. ಒಳ್ಳೆಯ ಯಂತ್ರ ಮಾಡುವವರು ಒಂದು ಪುಟ ಪೂರ್ತಿ ಬರೆದು ಮುಗಿಸುವವರೆಗೆ ಹಳೆಯ ಪುಟ ಅಳಿಸದಂತೆ ತಂತ್ರಾಂಶ ಬರೆಯುತ್ತಾರೆ. ನಾವು ಮಾಡಬೇಕಾದ್ದು ಮೂರು. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಆಗಾಗ ಪರೀಕ್ಷಿಸುವುದು, ಯಂತ್ರವನ್ನು ಪ್ಲಗ್ ಕಿತ್ತು ಆರಿಸದೆ ಅದರಲ್ಲೇ ಇರುವ ಗುಂಡಿಯಿಂದ ಆರಿಸುವುದು, ದಿನದ ಲೆಕ್ಕದ ಒಂದು ಪ್ರತಿಯನ್ನು ಬೇರೆ ಕಡೆ ಇಡುವುದು.

ಮೂರನೆಯದು: ತಾರೀಖು

ಮುಳಬಾಗಿಲು ಕಡೆಯ ಒಂದು ಸಂಘದಲ್ಲಿ ಒಬ್ಬ ಸದಸ್ಯೆ ಚೀಟಿ ಹಿಡಿದು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೇಳಿದರು: “ಇದರಲ್ಲಿ ನನ್ನ ಮದುವೆಗೆ ಮುಂಚಿನ ವರ್ಷ ಹಾಕೈತಲ್ಲಮ್ಮಾ?” ಎಲ್ಲರೂ ನಕ್ಕರು. ಆದರೆ ಆಕೆ ಆ ದಿನ ಸಂಘದ ಹಣ ಉಳಿಸಿದರು. ಯಂತ್ರದೊಳಗೆ ಗುಂಡಿಯಂಥ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಕರೆಂಟು ಇಲ್ಲದಾಗಲೂ ಗಡಿಯಾರ ನಡೆಸುವುದು ಅದೇ. ಅದು ಸತ್ತರೆ, ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರ ಯಾವುದೋ ಹಳೆಯ ತಾರೀಖಿಗೆ ಹೋಗುತ್ತದೆ. ಬೆಳಿಗ್ಗೆಯ ಹಾಲು ಸಂಜೆಯ ಲೆಕ್ಕಕ್ಕೆ ಬೀಳುತ್ತದೆ, ಹಳೆಯ ದರಪಟ್ಟಿ ಹಿಡಿಯುತ್ತದೆ, ಬಟವಾಡೆ ತಡವಾಗುತ್ತದೆ. ಹಾಲಿನ ಹಣ, ಸರ್ಕಾರದ ಪ್ರೋತ್ಸಾಹಧನ ನೇರ ಬ್ಯಾಂಕ್ ಖಾತೆಗೆ ಹೋಗುವ ಈ ಕಾಲದಲ್ಲಿ ತಾರೀಖು ತಪ್ಪಿದರೆ ಲೆಕ್ಕವೇ ತಪ್ಪಿದಂತೆ. ಆ ಬ್ಯಾಟರಿಯ ಬೆಲೆ ಒಂದು ಕೆಜಿ ಹಿಂಡಿಯ ಬೆಲೆಗಿಂತ ಬಹಳ ಹೆಚ್ಚಿರುವುದಿಲ್ಲ.

ಹೊಸ ಯಂತ್ರ ಕೊಳ್ಳುವ ಸಂಘಗಳಿಗೆ ಇನ್ನೊಂದು ಮಾತು. ಹಳೆಯ ರೀತಿಯ ಅನೇಕ ವ್ಯವಸ್ಥೆಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಾ ತಾರೀಖು ಲೆಕ್ಕ ಹಾಕುತ್ತವೆ. ಎಣಿಕೆಗೆ ಇಟ್ಟಿರುವ ಜಾಗ 2038ರ ಜನವರಿ 19ಕ್ಕೆ ತುಂಬಿ ಹೋಗುತ್ತದೆ. ಬಹಳ ವರ್ಷ ಬಾಳಬೇಕಾದ ಯಂತ್ರ ಕೊಳ್ಳುವಾಗ “2038ರ ತೊಂದರೆ ಇದಕ್ಕೆ ಇಲ್ಲ ತಾನೇ?” ಎಂದು ಒಂದು ಮಾತು ಕೇಳಿ, ಉತ್ತರ ಬರೆಸಿಕೊಳ್ಳಿ.

ನಾಲ್ಕನೆಯದು: ಹೋಲಿಕೆ ತಪ್ಪುವುದು

ಯಂತ್ರ ಎಷ್ಟೇ ಒಳ್ಳೆಯದಾದರೂ ದಿನ ಕಳೆದಂತೆ ಅದರ ಅಳತೆ ಸ್ವಲ್ಪ ಸ್ವಲ್ಪ ಜಾರುತ್ತದೆ. ಆಗಾಗ ಗರ್ಬರ್ ಪರೀಕ್ಷೆಯ ಪಕ್ಕದಲ್ಲಿಟ್ಟು ಸರಿಹೊಂದಿಸಬೇಕು. ತಕ್ಕಡಿಗೂ ಅಷ್ಟೇ, ವಿದ್ಯುನ್ಮಾನ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಪ್ರತಿ ವರ್ಷ ಬೀಳಬೇಕು. ಯಂತ್ರ ಸರಿಹೊಂದಿಸುವ ಒಳಗುಟ್ಟಿನ ಸಂಖ್ಯೆ ಯಾರ ಕೈಯಲ್ಲಿದೆ, ಕೊನೆಯ ಸಲ ಯಾರು, ಯಾವತ್ತು, ಎಷ್ಟು ಬದಲಿಸಿದರು ಎಂಬುದು ಸಂಘದ ಪುಸ್ತಕದಲ್ಲಿ ಬರೆದಿರಬೇಕು.

ಇದನ್ನು ಹಿಡಿಯುವ ಸುಲಭ ದಾರಿ ಸಂಘದಲ್ಲೇ ಇದೆ. ಸಂಘದ ಯಂತ್ರ ತೋರಿಸಿದ ಸರಾಸರಿ ಫ್ಯಾಟು ಒಂದು ಹಾಳೆಯಲ್ಲಿರುತ್ತದೆ, ಒಕ್ಕೂಟದಲ್ಲಿ ಅದೇ ಹಾಲಿಗೆ ಬಂದ ಫ್ಯಾಟು ಟ್ರಕ್ ಶೀಟಿನಲ್ಲಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಶ್ರೀನಿವಾಸಪುರದ ಆ ಸಂಘದಲ್ಲಿ ಟ್ರಕ್ ಶೀಟಿನ ಫ್ಯಾಟು ಮೂರು ವಾರದಿಂದ ಮೇಲೇ ಇತ್ತು. ಎರಡು ಹಾಳೆಯನ್ನೂ ಯಾರೂ ಜೊತೆಯಲ್ಲಿ ಓದಿರಲಿಲ್ಲ. ಕೊನೆಗೆ ಆಡಳಿತ ಮಂಡಳಿ ಸಭೆ ಸೇರಿ, ಆ ವ್ಯತ್ಯಾಸವನ್ನು ಲೆಕ್ಕ ಹಾಕಿ ಮುಂದಿನ ಬಟವಾಡೆಯಲ್ಲಿ ಸದಸ್ಯೆಯರಿಗೆ ಸೇರಿಸಿತು. ಲೀಟರಿಗೆ ಒಂದೇ ರೂಪಾಯಿ ವ್ಯತ್ಯಾಸವಾದರೂ ದಿನಕ್ಕೆ 12 ಲೀಟರು ಹಾಕುವವರಿಗೆ ತಿಂಗಳಿಗೆ 360 ರೂಪಾಯಿ. ಒಬ್ಬ ಮಗುವಿನ ಬಸ್ ಪಾಸು, ಪುಸ್ತಕ ಅದರಲ್ಲಿ ಆಗುತ್ತದೆ.

ಮಂಗಳ ಗ್ರಹದಲ್ಲೂ ಇದೇ ಪಾಡು

ಯಂತ್ರ ನಿಂತು ನಿಂತು ತಾನಾಗಿಯೇ ಮತ್ತೆ ಶುರುವಾಗುವುದನ್ನು ನೀವು ನೋಡಿರಬಹುದು. ಅದರೊಳಗೆ ಒಂದು ಕಾವಲು ಗಡಿಯಾರ ಇರುತ್ತದೆ. ತೋಟದ ಕಾವಲುಗಾರ ಆಗಾಗ ಕೂಗು ಹಾಕದಿದ್ದರೆ ಮಲಗಿದ್ದಾನೆಂದು ಹೋಗಿ ಎಬ್ಬಿಸುತ್ತೀರಲ್ಲ, ಹಾಗೆ ತಂತ್ರಾಂಶ ಹೊತ್ತಿಗೆ ಸರಿಯಾಗಿ ಸದ್ದು ಮಾಡದಿದ್ದರೆ ಈ ಗಡಿಯಾರ ಯಂತ್ರವನ್ನೇ ಮತ್ತೆ ಎಬ್ಬಿಸುತ್ತದೆ. ಒಮ್ಮೊಮ್ಮೆ ಆದರೆ ಚಿಂತೆಯಿಲ್ಲ. ದಿನಾ ಆದರೆ ಒಳಗೆ ಏನೋ ತಪ್ಪಿದೆ ಎಂದರ್ಥ.

1997ರ ಜುಲೈ 4ರಂದು ಅಮೆರಿಕದ ಪಾತ್‌ಫೈಂಡರ್ ನೌಕೆ ಮಂಗಳ ಗ್ರಹದಲ್ಲಿ ಇಳಿಯಿತು. ಕೆಲವು ದಿನಗಳಲ್ಲಿ ಅದರ ಕಂಪ್ಯೂಟರೂ ಹೀಗೇ ಮತ್ತೆ ಮತ್ತೆ ತಾನಾಗಿ ಶುರುವಾಗತೊಡಗಿತು. ಅಲ್ಲಿಗೆ ಮೆಕ್ಯಾನಿಕ್ ಕಳಿಸಲು ಆಗುವುದಿಲ್ಲ. ಭೂಮಿಯಲ್ಲಿದ್ದ ಅಂಥದೇ ಇನ್ನೊಂದು ಯಂತ್ರದ ಮೇಲೆ ಎಂಜಿನಿಯರುಗಳು ಅದೇ ತೊಂದರೆ ಬರುವಂತೆ ಮಾಡಿ ನೋಡಿದರು. ಅವಸರದ ಕೆಲಸವೊಂದು, ಅವಸರವಿಲ್ಲದ ಕೆಲಸ ಹಿಡಿದುಕೊಂಡಿದ್ದ ವಸ್ತುವಿಗಾಗಿ ಕಾಯುತ್ತಾ ನಿಂತಿತ್ತು. ಆ ನಡುವೆ ಬೇರೆ ಕೆಲಸಗಳು ನುಗ್ಗಿ ಹೊತ್ತು ಮೀರುತ್ತಿತ್ತು. ಹಾಲು ಉಕ್ಕುತ್ತಿದೆ, ಇಕ್ಕಳ ಮಗುವಿನ ಕೈಯಲ್ಲಿದೆ, ಮಗುವನ್ನು ಬಾಗಿಲಲ್ಲಿ ನೆಂಟರು ಮಾತಾಡಿಸುತ್ತಿದ್ದಾರೆ, ಅಂಥ ಪಾಡು. ತಂತ್ರಾಂಶದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ ಭೂಮಿಯಿಂದಲೇ ಕಳಿಸಿದರು, ನೌಕೆ ಸರಿಹೋಯಿತು.

ಅಲ್ಲಿ ಕೆಲಸಕ್ಕೆ ಬಂದದ್ದು ಮೂರು: ಯಂತ್ರದಲ್ಲಿ ಏನಾಯಿತು ಎಂಬ ದಾಖಲೆ, ಹೋಲಿಸಿ ನೋಡಲು ಇನ್ನೊಂದು, ದೂರದಿಂದ ತಿದ್ದುವ ದಾರಿ. ನಮ್ಮ ಸಂಘಕ್ಕೆ ಬೇಕಾದ್ದೂ ಅವೇ ಮೂರು. ದಾಖಲೆ ಎಂದರೆ ಯಂತ್ರದ ಪುಸ್ತಕ. ಹೋಲಿಕೆ ಎಂದರೆ ಗರ್ಬರ್ ಸೀಸೆ. ತಿದ್ದುವ ದಾರಿ ಎಂದರೆ ಕಾಲಕಾಲಕ್ಕೆ ಬರುವ ಹೊಸ ತಂತ್ರಾಂಶ. ಹೊಸದನ್ನು ಹಾಕಿಸುವಾಗ ಹಾಲಿನ ಹೊತ್ತಿನಲ್ಲಿ ಹಾಕಿಸಬೇಡಿ. ಹಳೆಯ ಲೆಕ್ಕದ ಪ್ರತಿ ತೆಗೆದಿಟ್ಟು, ಕರೆಂಟು ಗಟ್ಟಿಯಿರುವಾಗ ಹಾಕಿಸಿ. ಹಾಕಿಸಿದ ದಿನವೇ ನಾಲ್ಕು ಜನರ ಹಾಲನ್ನು ಗರ್ಬರಿಗೆ ಕಳಿಸಿ ಹೋಲಿಸಿ.

ದೂರು ಹೇಳುವ ರೀತಿಯೂ ಮುಖ್ಯ. “ಹಸು ಹುಷಾರಿಲ್ಲ” ಎಂದಷ್ಟೇ ಫೋನಿನಲ್ಲಿ ಹೇಳಿದರೆ ನಾನು ಯಾವ ಔಷಧಿ ತರಲಿ? ಎಂದಿನಿಂದ, ಮೇವು ತಿಂತಾ, ಸಗಣಿ ಹೇಗಿದೆ ಎಂದು ನೀವು ಹೇಳಿದರೆ ಅರ್ಧ ಕಾಯಿಲೆ ಅಲ್ಲೇ ಗೊತ್ತಾಗುತ್ತದೆ. ಯಂತ್ರಕ್ಕೂ ಹಾಗೆಯೇ. ಯಾವ ದಿನ, ಯಾವ ಹೊತ್ತು, ಪರದೆಯ ಮೇಲೆ ಏನು ಬರೆದು ಬಂತು, ಅದಕ್ಕೆ ಮುಂಚೆ ಏನು ಮಾಡಿದ್ದೆವು, ತಂತ್ರಾಂಶದ ಆವೃತ್ತಿ ಸಂಖ್ಯೆ ಎಷ್ಟು, ಇಷ್ಟನ್ನು ಬರೆದು ಹೇಳಿದರೆ ದುರಸ್ತಿ ಮಾಡುವವರು ಕೈಯಲ್ಲಿ ಸರಿಯಾದ ಸಾಮಾನು ಹಿಡಿದು ಬರುತ್ತಾರೆ. ಪರದೆಯ ಒಂದು ಫೋಟೊ ಸಾಕು.

ಹಸುವಿನ ಕೊರಳಿನ ಪಟ್ಟಿ

ಇಂಥ ಪುಟ್ಟ ಕಂಪ್ಯೂಟರ್ ಈಗ ಹಸುವಿನ ಕೊರಳಿಗೂ ಬಂದಿದೆ. ಹಸು ಎಷ್ಟು ಓಡಾಡಿತು, ಎಷ್ಟು ಹೊತ್ತು ಮೆಲುಕು ಹಾಕಿತು ಎಂದು ಲೆಕ್ಕವಿಟ್ಟು, ಬೆದೆಗೆ ಬಂದಾಗ ಮೊಬೈಲಿಗೆ ಸಂದೇಶ ಕಳಿಸುತ್ತದೆ. ರಾತ್ರಿಯಲ್ಲೇ ಬೆದೆಗೆ ಬಂದು, ಕೂಗದೆ ಸುಮ್ಮನಿರುವ ಹಸುಗಳಿಗೆ ಇದು ಉಪಯೋಗ. ಕೋಲಾರ ತಾಲ್ಲೂಕಿನಲ್ಲಿ ಆರು ಹಸು ಸಾಕಿರುವ ಒಬ್ಬ ಯುವತಿ ಪಟ್ಟಿ ಹಾಕಿಸಿದ್ದರು. ಎರಡು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಒಂದು ಹಸುವಿನ ಬೆದೆ ತಪ್ಪಿತು. ಪಟ್ಟಿ ಕೆಟ್ಟಿದೆ ಎಂದು ನನಗೆ ತೋರಿಸಿದರು. ಪಟ್ಟಿ ಸರಿಯಾಗಿತ್ತು. ಪಟ್ಟಿಯ ಸಂದೇಶ ಹಿಡಿದು ಮುಂದಕ್ಕೆ ಕಳಿಸುವ ಪೆಟ್ಟಿಗೆಯ ಪ್ಲಗ್ ಕಿತ್ತು, ಅಲ್ಲಿ ಮನೆಯವರ ಮೊಬೈಲು ಚಾರ್ಜಿಗೆ ಹಾಕಿದ್ದರು!

ನಗುವ ವಿಷಯವೇ. ಆದರೆ ಒಂದು ಬೆದೆ ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನದ ಮೇವು, ಹಿಂಡಿ, ಮುಂದಿನ ಸೂಲಿನ ಅಷ್ಟು ದಿನದ ಹಾಲು ಹೋದಂತೆ. ಸಂದೇಶ ಬಂದರೂ ನಿಮ್ಮ ಕಣ್ಣಿನ ಕೆಲಸ ನಿಲ್ಲುವುದಿಲ್ಲ. ಲೋಳೆ ನೋಡಿ, ಹಸು ಇನ್ನೊಂದರ ಮೇಲೆ ಹತ್ತುವುದನ್ನು ನೋಡಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ.

ಡೇರಿಯಲ್ಲಿ ನಿಂತಾಗ ಇಷ್ಟು ನೋಡಿ

1. ಹಾಲು ಸುರಿಯುವ ಮುಂಚೆ ತಕ್ಕಡಿ ಸೊನ್ನೆ ತೋರಿಸುತ್ತಿದೆಯೇ?
2. ಚೀಟಿಯಲ್ಲಿ ನಿಮ್ಮ ಸದಸ್ಯ ಸಂಖ್ಯೆ, ತಾರೀಖು, ಬೆಳಿಗ್ಗೆಯೋ ಸಂಜೆಯೋ ಎಂಬುದು ಸರಿಯಾಗಿದೆಯೇ? 48 ಒತ್ತುವ ಕಡೆ 84 ಒತ್ತಿದರೆ ನಿಮ್ಮ ಹಾಲು ಇನ್ನೊಬ್ಬರ ಖಾತೆಗೆ ಹೋಗುತ್ತದೆ.
3. ಮಾದರಿ ತೆಗೆಯುವ ಮುಂಚೆ ಹಾಲು ಚೆನ್ನಾಗಿ ಕಲಸಿ, ನೊರೆ ಇಳಿದ ಮೇಲೆ ತೆಗೆದರೇ?
4. ಯಂತ್ರ ತೊಳೆದ ದಿನ, ಆಮ್ಲದ ದ್ರಾವಣ ಹಾಕಿದ ದಿನ ಗೋಡೆಯ ಹಾಳೆಯಲ್ಲಿ ಬರೆದಿದೆಯೇ?
5. ಕೊನೆಯ ಸಲ ಗರ್ಬರ್ ಜೊತೆ ಹೋಲಿಸಿದ್ದು ಯಾವತ್ತು?
6. ಸಂಘದ ಸರಾಸರಿ ಮತ್ತು ಟ್ರಕ್ ಶೀಟಿನ ಫ್ಯಾಟು ನಡುವೆ ಎಷ್ಟು ವ್ಯತ್ಯಾಸ?
7. ಕರೆಂಟು ಹೋದರೆ ಯುಪಿಎಸ್ ಎಷ್ಟು ಹೊತ್ತು ನಡೆಯುತ್ತದೆ?

ಚೀಟಿಯನ್ನು ಕೈಯಲ್ಲಿ ಮುದುರಿ ಬಿಸಾಡಬೇಡಿ. ಒಂದು ತಿಂಗಳ ಚೀಟಿಗಳನ್ನು ಮೊಳೆಗೆ ಸಿಕ್ಕಿಸಿಡಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಹಸುವಿನ ಆರೋಗ್ಯಕ್ಕೂ ಅದೇ ಒಳ್ಳೆಯ ದಾಖಲೆ.

ನಿಮ್ಮ ಕಡೆಯಿಂದಲೂ ಒಂದು ಮಾತು ಇದೆ. ಮೊದಲ ಧಾರೆಯ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಯ ಧಾರೆಯಲ್ಲಿ ಹೆಚ್ಚು. ಪೂರ್ತಿ ಕರೆಯದೆ ಕೆಚ್ಚಲಲ್ಲಿ ಬಿಟ್ಟರೆ ಫ್ಯಾಟನ್ನೇ ಬಿಟ್ಟಂತೆ. ಹಸುವಿನ ಹಾಲಿಗೆ 3.5 ಫ್ಯಾಟು, 8.5 ಎಸ್‌ಎನ್‌ಎಫ್ ನಮ್ಮ ಗುರಿ. ಅದಕ್ಕಿಂತ ಕೆಳಗೆ ಬಂದರೆ ಮೊದಲು ಪಕ್ಕದ ಮನೆಯವರನ್ನು ಕೇಳಿ, ಆಮೇಲೆ ಹಸುವನ್ನೋ ಯಂತ್ರವನ್ನೋ ನೋಡಿಸಿ.

ಕಾರ್ಯದರ್ಶಿಯನ್ನು ಕೇಳುವುದು ಜಗಳವಲ್ಲ. ಸಂಘ ನಿಮ್ಮದು, ಯಂತ್ರವೂ ನಿಮ್ಮದೇ ದುಡ್ಡಿನದು. ಮನೆಯಲ್ಲಿ ಡಿಪ್ಲೊಮಾ, ಐಟಿಐ ಓದುತ್ತಿರುವ ಮಗಳಿದ್ದರೆ ಈ ಯಂತ್ರಗಳ ಕೆಲಸ ಕಲಿಯಲು ಹೇಳಿ. ದಿನಾ ಬೆಂಗಳೂರಿನ ರೈಲು ಹತ್ತುವವರ ನಡುವೆ, ಊರಿನಲ್ಲೇ ಇದ್ದು ಹತ್ತು ಸಂಘಗಳ ಯಂತ್ರ ನೋಡಿಕೊಳ್ಳುವ ಒಬ್ಬಳು ಹುಡುಗಿ ಇದ್ದರೆ ಎಷ್ಟು ಚೆನ್ನ!

ಆ ಶ್ರೀನಿವಾಸಪುರದ ಹಸು ಸಂತೆಗೆ ಹೋಗಲಿಲ್ಲ. ಮೂರನೇ ಸೂಲಿಗೆ ಹೆಣ್ಣು ಕರು ಹಾಕಿದೆ. ಹೋದ ಸಲ ಲಸಿಕೆ ಹಾಕಲು ಹೋದಾಗ ಅದರ ಒಡತಿ ಗೋಡೆಯ ಮೊಳೆಯಿಂದ ಚೀಟಿಗಳ ಕಂತೆ ತೆಗೆದು ಮೊದಲು ನನ್ನ ಕೈಗೆ ಕೊಟ್ಟರು. “ಇದನ್ನ ನೋಡಿ ಮೇಡಂ, ಆಮೇಲೆ ಹಸ ನೋಡಿ,” ಎಂದರು.